ಹನುಭವ

ನನ್ನ ಮೊದಲ ರೆಸ್ಯೂಮಿನ ಪ್ರಕಾರ ನನಗೆ ಹೆವಿ ಡ್ರೈವಿಂಗ್ ಲೈಸೆನ್ಸ್ ಇದೆ. ಸೈಕಲ್ಲನ್ನೂ ನೆಟ್ಟಗೆ ಬಿಡಲು ಬಾರದವಳು ನಾನು. ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಿಂದೆ ಒಂದು ಟೈಪಿಂಗ್ ಅಂಗಡಿ ಇದೆ, ಅಲ್ಲಿ ಮಾಡಿಸಿದ್ದು. ಅಂಗಡಿ ನಡೆಸುವ ಅಕ್ಕನ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ರೆಸ್ಯೂಮ್. ಯಾರೇ ಬರಲಿ, ಹೆಸರು, ಊರು, ಅಂಕಗಳನ್ನು ಬದಲಾಯಿಸಿ ಅದನ್ನೇ ಪ್ರಿಂಟು ತೆಗೆದು ಕೊಡುತ್ತಿದ್ದರು. ನನಗಿಂತ ಮುಂಚೆ ಬಂದಿದ್ದ ಯಾರೋ ಲಾರಿ ಡ್ರೈವರನ ಲೈಸೆನ್ಸನ್ನು ಅಳಿಸಲು ಮರೆತಿದ್ದರು, ಅಷ್ಟೆ.

ಲೈಸೆನ್ಸಿನದು ಕೈತಪ್ಪು, ಕ್ಷಮಿಸಬಹುದು. ಉಳಿದದ್ದನ್ನು ಕ್ಷಮಿಸುವುದು ಕಷ್ಟ. ನಾನು ಶ್ರಮಜೀವಿಯಂತೆ. ತಂಡದೊಡನೆ ಹೊಂದಿಕೊಳ್ಳುವ ಸ್ವಭಾವವಂತೆ. ನನ್ನ ಹವ್ಯಾಸ ಹಾಡು ಕೇಳುವುದಂತೆ. ಎಲ್ಲಕ್ಕಿಂತ ಮೇಲೆ, ನನ್ನಲ್ಲಿ ‘ಉತ್ತಮ ಸಂವಹನ ಕೌಶಲ’ವಿದೆಯಂತೆ. ಆ ಲಾರಿ ಡ್ರೈವರನಲ್ಲೂ ಅದು ಇತ್ತು. ಅವನ ಹಿಂದೆ ಬಂದಿದ್ದ ನರ್ಸಿನಲ್ಲೂ ಇತ್ತು. ಆ ರೆಸ್ಯೂಮನ್ನು ಹಿಡಿದು ಮೈಸೂರಿನಲ್ಲಿ ಐದು ಕಡೆ ಅರ್ಜಿ ಹಾಕಿದೆ. ಐದೂ ಮಾತಿನ, ಬರವಣಿಗೆಯ ಕೆಲಸಗಳೇ. ಒಂದು ಕಡೆಯಿಂದಲೂ ಉತ್ತರ ಬರಲಿಲ್ಲ. ಬಂದಿದ್ದರೆ ಆಶ್ಚರ್ಯಪಡಬೇಕಿತ್ತು. ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ವೇದಿಕೆ ಹತ್ತಿ ‘ನಾನು ಚೆನ್ನಾಗಿ ಮಾತಾಡುತ್ತೇನೆ’ ಎಂದಷ್ಟೇ ಹೇಳಿ ಇಳಿದರೆ ನಾವು ಅಂಕ ಕೊಡುತ್ತೇವೆಯೇ?

ಕಾಲೇಜಿನ ಮೂರು ವರ್ಷ ನಾನು ಮಾಡಿದ್ದು ಚರ್ಚೆಯೊಂದೇ. ವಿಷಯದ ಪರವೋ ವಿರುದ್ಧವೋ ಎಂದು ಚೀಟಿ ಎತ್ತಿಸುತ್ತಿದ್ದರು. ಯಾವುದು ಬಂದರೂ ನನಗೆ ಸರಿ. ಎದುರಿನವರು ಏನಾದರೂ ಹೇಳಿದರೆ ‘ಆಧಾರ?’ ಎಂದು ಕೇಳುವುದು ಅಲ್ಲಿ ಕಲಿತ ಚಾಳಿ. ಮನೆಯಲ್ಲೂ ಅದನ್ನೇ ಮಾಡಿ ಎಷ್ಟೋ ಸಲ ಊಟದ ಮುಂದಿನಿಂದ ಎದ್ದು ಹೋಗಬೇಕಾಗಿ ಬಂದಿದೆ.

ಆ ಚರ್ಚೆಯ ಮೊದಲ ದಿನವನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದಕ್ಕೆಲ್ಲ ಅದು ಬೇಕು. ನಮ್ಮ ಕಡೆ ಮಾತಿನಲ್ಲಿ ‘ಹ’ ನಿಲ್ಲುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ. ಕೆ.ಆರ್. ನಗರದ ಕಾಲೇಜೊಂದರಲ್ಲಿ ಸ್ಪರ್ಧೆ. ‘ಹ’ ಬಿಟ್ಟರೆ ಹಳ್ಳಿಯವಳೆಂದು ನಗುತ್ತಾರೆ ಎಂದು ಹೆದರಿ ಇಡೀ ರಾತ್ರಿ ‘ಹ’ ಅಭ್ಯಾಸ ಮಾಡಿಕೊಂಡು ಹೋಗಿದ್ದೆ. ಮೈಕಿನ ಮುಂದೆ ನಿಂತು, ಎದೆಯುಬ್ಬಿಸಿ, ‘ಆದರಣೀಯ ತೀರ್ಪುಗಾರರೇ’ ಎನ್ನುವ ಬದಲು ‘ಹಾದರಣೀಯ ತೀರ್ಪುಗಾರರೇ’ ಎಂದೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಂದಿನಿಂದ ನಾನು ವೇದಿಕೆಯ ಮೇಲೆ ಪ್ರತಿ ‘ಅ’ವನ್ನೂ ‘ಹ’ವನ್ನೂ ಕೈಯಲ್ಲಿ ತೂಗಿ ನೋಡಿ ಆಡುತ್ತೇನೆ. ಆಮೇಲೆ ಬಹುಮಾನಗಳೂ ಬಂದವು. ಆದರೆ ಆ ನಗು ಕಿವಿಯಿಂದ ಹೋಗಿಲ್ಲ.

ಆರನೆಯ ಕೆಲಸದ ಪ್ರಕಟಣೆ ನೋಡಿದಾಗ ಅಪ್ಪನ ಸಹನೆ ಮುಗಿಯುತ್ತಾ ಬಂದಿತ್ತು. ಹುಣಸೂರಿನಲ್ಲಿ ನನಗೆ ಬಿ.ಎಡ್ ಸೀಟು ಸಿಕ್ಕಿತ್ತು. ಒಪ್ಪಿಕೊಳ್ಳಲು ಇನ್ನು ಕೆಲವೇ ದಿನ. ಟೀಚರ್ ಆಗು ಎನ್ನುವುದು ಅಪ್ಪನ ಮಾತು. ಪ್ರಕಟಣೆ ಹಾಕಿದ್ದು ಹುಣಸೂರಿನಲ್ಲೇ ಕಚೇರಿ ಇದ್ದ ಒಂದು ಸಂಸ್ಥೆ. ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಕುಡಿಯುವ ನೀರು, ಜನ-ಜಾನುವಾರುಗಳ ಆರೋಗ್ಯ ಅಂತ ಕೆಲಸ ಮಾಡುವವರು. ಅವರಿಗೆ ಸಂವಹನಕ್ಕೆ ಒಬ್ಬರು ಬೇಕಾಗಿತ್ತು. ರೆಸ್ಯೂಮ್ ಕನ್ನಡದಲ್ಲೇ ಇರಲಿ ಎಂದು ಬರೆದಿದ್ದರು. ಅದನ್ನು ಓದಿದ ಕ್ಷಣ ಈ ಕೆಲಸ ನನ್ನದು ಎಂದುಕೊಂಡೆ. ಅಕ್ಕನ ಲಾರಿ ಡ್ರೈವರನನ್ನು ಈ ಸಲ ಕರೆದೊಯ್ಯುವುದಿಲ್ಲ ಎಂದೂ ತೀರ್ಮಾನಿಸಿದೆ.

ಮನೆಯ ಜಗಲಿಯಲ್ಲಿ ಕೂತು ಬಿಳಿ ಹಾಳೆಯ ಮೇಲೆ ‘ಉತ್ತಮ ಸಂವಹನ ಕೌಶಲ’ ಎಂದು ಬರೆದು, ಪಕ್ಕದಲ್ಲಿ ‘ಆಧಾರ?’ ಎಂದು ನನ್ನನ್ನೇ ಕೇಳಿಕೊಂಡೆ. ಬಹುಮಾನಗಳು? ಅವು ನಾನು ಇನ್ನೊಬ್ಬರನ್ನು ಸೋಲಿಸಿದ್ದಕ್ಕೆ ಆಧಾರ. ಯಾರಿಗಾದರೂ ಏನನ್ನಾದರೂ ತಿಳಿಸಿದ್ದಕ್ಕಲ್ಲ. ಯಾರಿಗೆ ಏನು ಹೇಳಿದೆ, ಕೇಳಿದವರು ಆಮೇಲೆ ಏನು ಮಾಡಿದರು? ಹಾಗೆ ಹುಡುಕುತ್ತಾ ಹೋದರೆ ಸಿಕ್ಕಿದ್ದು ಒಂದೇ: ಮಾವನ ಗೂಡ್ಸ್ ಆಟೊ.

ನಮ್ಮಮ್ಮನ ತಮ್ಮನಿಗೆ ಕಂಪಲಾಪುರದಲ್ಲಿ ಶಾಮಿಯಾನ, ಮೈಕ್‌ಸೆಟ್ಟಿನ ಅಂಗಡಿ. ಆಟೊಗೆ ಮೈಕು ಕಟ್ಟಿಕೊಂಡು ಸುತ್ತಲಿನ ಊರುಗಳಿಗೆ ಸುದ್ದಿ ಹೇಳಿಕೊಂಡು ಬರುವುದೂ ಅವನ ಕೆಲಸವೇ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದವಳನ್ನು ಅವನೇ ಎಳೆದುಕೊಂಡು ಹೋದದ್ದು.

“ಡಿಬೇಟು ಗಿಬೇಟು ಅಂತ ಮನೇಲಿ ಕೂತ್ಕಂಡು ಗಂಟ್ಲು ಅರ್ಕತೀಯಲ್ಲಮ್ಮಿ. ಬಾ, ನನ್ ಆಟೋಲಿ ಕೂತ್ಕಂಡು ಅರ್ಕೊ. ನಾಕ್ ಜನುಕ್ಕಾದ್ರೂ ಕೇಳುಸ್ತದೆ.”

ಆ ವರ್ಷ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವ ಸುದ್ದಿ ಬಂತು. ಓದಬೇಕಾದ ಹಾಳೆಯಲ್ಲಿ ಹೀಗಿತ್ತು: ‘ಜಾನುವಾರುಗಳಿಗೆ ಲಸಿಕೆ ಹಾಕುವ ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಗಿದ್ದು, ರೈತ ಬಾಂಧವರು ಇದರ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.’ ನಾನು ಒಂದು ‘ಹ’ವನ್ನೂ ತಪ್ಪದೆ, ವೇದಿಕೆಯ ಗಂಟಲಿನಲ್ಲಿ, ಮೂರು ಊರಿಗೆ ಓದಿದೆ. ಮಾರನೆಯ ದಿನ ಲಸಿಕೆಯವರು ಬಂದಾಗ ಕೊಟ್ಟಿಗೆಗಳು ಖಾಲಿ. ದನಗಳೆಲ್ಲ ಮೇಯಲು ಹೋಗಿದ್ದವು. ನಮ್ಮ ಬೀದಿಯ ಅಜ್ಜಿಯೊಬ್ಬರನ್ನು ಕೇಳಿದೆ, ಯಾಕಜ್ಜಿ, ನಿನ್ನೆ ಅಷ್ಟು ಕೂಗಿದೆನಲ್ಲ ಎಂದು.

“ಕೂಗ್ದೆ ಕಣವ್ವ, ಚಂದಾಗೇ ಕೂಗ್ದೆ. ಏನೋ ಕೋರವ್ರೆ ಅಂದೆ. ಏನ್ ಕೋರವ್ರೆ ಅಂತ ಯೋಳ್ಲೇ ಇಲ್ವಲ್ಲ!”

ಆ ಅಜ್ಜಿ ಎತ್ತಿದಂಥ ಪ್ರಶ್ನೆಯನ್ನು ಯಾವ ಎದುರಾಳಿಯೂ ನನಗೆ ಹಾಕಿರಲಿಲ್ಲ. ಅಷ್ಟು ಉದ್ದದ ವಾಕ್ಯದಲ್ಲಿ ದನ ಕಟ್ಟಿಹಾಕಿ ಎಂಬ ಮಾತು ಎಲ್ಲೂ ಇರಲಿಲ್ಲ.

ಮುಂದಿನ ಸಲ ಲಸಿಕೆ ಬಂದಾಗ ಆ ಹಾಳೆಯನ್ನು ಮಡಚಿ ಸೀಟಿನ ಕೆಳಗೆ ಹಾಕಿದೆ. ಮೈಕಿನಲ್ಲಿ ಹೀಗೆ ಹೇಳಿದೆ: “ನಾಳಿಕೆ ಒತ್ತಾರೆ ದನ ಬುಡಬ್ಯಾಡಿ, ಕೊಟ್ಟಿಗೆಯಲ್ಲೇ ಇರಲಿ. ಸೂಜಿ ಆಕಕ್ಕೆ ಡಾಕ್ಟ್ರು ಮನೆ ತಾವ್ಕೇ ಬತ್ತಾರೆ.” ಇಷ್ಟೇ. ಮಾರನೆಯ ದಿನ ಮಧ್ಯಾಹ್ನ ಕಳೆದರೂ ಲಸಿಕೆಯವರು ನಮ್ಮೂರಿನಿಂದ ಹೊರಟಿರಲಿಲ್ಲ. ಅವರಲ್ಲೊಬ್ಬರು ಬೆವರು ಒರೆಸಿಕೊಳ್ಳುತ್ತಾ ಮಾವನನ್ನು ಕೇಳಿದರು: “ಏನ್ರೀ, ಒಂದ್ ದನಾನೂ ಆಚೆ ಹೋಗಿಲ್ಲ? ಇವತ್ತೇನು ಹಬ್ಬವಾ?”

ಇದು ನನ್ನ ಆಧಾರ. ಹೇಳಿದ್ದೇನು, ಕೇಳಿದವರು ಮಾಡಿದ್ದೇನು, ಎರಡೂ ಇದೆ. ಇದನ್ನೇ ರೆಸ್ಯೂಮಿನ ನಡುಮಧ್ಯೆ ಇಡುತ್ತೇನೆ, ಹಳೆಯ ಒಕ್ಕಣೆ ಮತ್ತು ನನ್ನ ಒಕ್ಕಣೆ ಎರಡನ್ನೂ ಅಕ್ಷರಶಃ ಕೊಡುತ್ತೇನೆ ಎಂದು ಬರೆಯತೊಡಗಿದೆ.

ಅಪ್ಪ ಹಿಂದಿನಿಂದ ಬಂದು ಇಣುಕಿದ. “ಏನ್ ಬರಿತಿದ್ದೀಯವ್ವ?”

ಓದಿ ಹೇಳಿದೆ. ಅವನ ಮುಖ ಕಪ್ಪಿಟ್ಟಿತು.

“ಅದೊಂದ್ ಬರೀಬ್ಯಾಡ. ನಿಮ್ಮಾವ ಕರೆದ ಅಂತ ಓದೆ, ಆಯ್ತು. ಅದ್ನ ಅರ್ಜೀಲಿ ಬರ್ಕಂಡ್ರೆ ಜನ ಏನಂದಾರು? ಒಕ್ಕಲು ಮಕ್ಕಳು ಊರ್ ಸಾರ್ಕಂಡ್ ತಿರಗ್ತಾರಾ?”

ಸಾರುವುದು. ಅಪ್ಪನ ಬಾಯಲ್ಲಿ ಆ ಪದ ಹೇಗೆ ಬಂತೆಂದು ಬರೆಯುವುದು ಕಷ್ಟ. ಅವನ ಕಾಲದಲ್ಲಿ ನಮ್ಮೂರಿನಲ್ಲಿ ತಮಟೆ ಬಡಿದು ಸಾರುತ್ತಿದ್ದವರೊಬ್ಬರಿದ್ದರು. ಊರಾಚೆಯ ಕೇರಿಯವರು. ನಾಳೆ ಕೆರೆ ನೀರು ಬಿಡುತ್ತಾರೆ, ನಾಡಿದ್ದು ಊರ ಸಭೆ ಇದೆ, ಎಲ್ಲ ಅವರ ಬಾಯಿಂದಲೇ ಊರಿಗೆ ತಿಳಿಯಬೇಕು. ಆದರೆ ಅವರು ನಮ್ಮ ಜಗಲಿ ಹತ್ತುವಂತಿರಲಿಲ್ಲ.

“ಅವ್ರು ಮಾಡಿದ್ದೂ ಇದೇ ಕೆಲಸ ಅಲ್ವೇನಪ್ಪ?” ಎಂದೆ. “ಅವ್ರು ತಮಟೆ ಹಿಡ್ಕಂಡು ಮಾಡಿದ್ರೆ ಸಾರೋದು. ಹುಣಸೂರ್‌ನೋರು ಕುರ್ಚಿ ಹಾಕ್ಕೊಂಡು ಮಾಡಿದ್ರೆ ಸಂವಹನ. ವ್ಯತ್ಯಾಸ ಕೆಲಸದಲ್ಲಿದ್ಯೋ, ಜಗಲೀಲಿದ್ಯೋ?”

“ನಿನ್ ಬಾಯಿ ಜೊತೆ ನಂಗಾಗಕಿಲ್ಲ,” ಎಂದು ಅಪ್ಪ ಒಳಗೆ ಹೊರಟ. ಬಾಗಿಲ ಬಳಿ ನಿಂತು, “ಬಿ.ಎಡ್ ಸೀಟು ಕಾಯ್ಕಂಡ್ ಕೂತಿರಕಿಲ್ಲ ಕಣವ್ವ. ಅದ್ನೂ ಬರ್ಕೊ,” ಎಂದ.

ಹಾಳೆಯನ್ನು ಮಡಚಿಕೊಂಡು ಮಾರನೆಯ ದಿನ ಟೈಪಿಂಗ್ ಅಂಗಡಿಗೆ ಹೋದೆ. ಅಕ್ಕ ನನ್ನನ್ನು ಕಂಡೊಡನೆ ಹಳೆಯ ಫೈಲು ತೆರೆದರು. ಬೇಡಕ್ಕ, ಇದು ಹೊಸದು, ನಾನು ಹೇಳುತ್ತೇನೆ, ನೀವು ಹೊಡೆಯಿರಿ ಎಂದೆ. ನಾನು ಹೇಳುತ್ತಾ ಹೋದೆ, ಅಕ್ಕ ಕೇಳಿದಂತೆ ಹೊಡೆಯುತ್ತಾ ಹೋದರು. ಪರದೆಯ ಮೇಲೆ ನೋಡಿದರೆ ‘ಅಳ್ಳಿಗಳಲ್ಲಿ ಪ್ರಚಾರ’, ‘ಆಲು ಉತ್ಪಾದಕರ ಸಂಘ’.

“ಅಯ್ಯೋ ಅಕ್ಕ, ‘ಹ’ ಎಲ್ಲಿ? ಇದು ಸಂವಹನದ ಕೆಲಸದ ಅರ್ಜಿ. ಇಂಥಾ ತಪ್ಪಿದ್ರೆ ನಗ್ತಾರೆ,” ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಎಂದೆ. ಅಂಗಡಿಯಲ್ಲಿ ಜೆರಾಕ್ಸಿಗೆ ನಿಂತಿದ್ದ ಇಬ್ಬರು ಕಿಸಕ್ಕೆಂದರು. ಅಕ್ಕನ ಕಿವಿ ಕೆಂಪಾಯಿತು.

“ನಾವೇನ್ ನಿಮ್ಮಂಗ್ ಡಿಬೇಟು ಕಲ್ತಿದ್ದೀವಾ ಮೇಡಮ್ಮೋರೆ? ಈಗ್ಲೇ ಸರಿ ಮಾಡ್ತೀನಿ ಬುಡಿ.”

ಮೊದಲು ‘ಮಗ’ ಎನ್ನುತ್ತಿದ್ದವರು ‘ಮೇಡಮ್ಮೋರೆ’ ಎಂದದ್ದನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ. ಉದ್ಧರಣ ಚಿಹ್ನೆಯೊಳಗಿರುವ ನನ್ನ ಎರಡು ಸಾಲನ್ನು ಮಾತ್ರ ಮುಟ್ಟಬೇಡಿ, ಅದು ಹಾಗೇ ಇರಬೇಕು, ಉಳಿದ ಕಡೆ ‘ಹ’ ನೋಡಿಕೊಳ್ಳಿ ಎಂದು ಹೇಳಿ, ಊರಿನ ಬಸ್ಸು ಹೊರಡುವ ಹೊತ್ತಾಯಿತೆಂದು ಓಡಿದೆ. ಅಕ್ಕ ಫೈಲನ್ನು ವಾಟ್ಸಾಪಿಗೆ ಕಳಿಸಿದರು. ಬಸ್ಸಿನಲ್ಲಿ ನೇತಾಡುತ್ತಾ ನನ್ನ ಎರಡು ಸಾಲು ಹಾಗೇ ಇದೆಯೇ ಎಂದು ಮಾತ್ರ ಹಿಗ್ಗಿಸಿ ನೋಡಿದೆ. ಇತ್ತು. ಸಂಸ್ಥೆಗೆ ಕಳಿಸಿಬಿಟ್ಟೆ.

ಸಂದರ್ಶನಕ್ಕೆ ಕರೆ ಬಂತು. ಹುಣಸೂರಿನ ಆ ಕಚೇರಿಯಲ್ಲಿ ಮೇಜಿನ ಆಚೆ ಮೂವರು: ಇಬ್ಬರು ಗಂಡಸರು, ನಡುವೆ ಒಬ್ಬ ಮೇಡಂ. ಸಂಸ್ಥೆಯ ಕರಪತ್ರ, ವರದಿಗಳನ್ನೆಲ್ಲ ಬರೆಸುವವರು ಅವರೇ ಎಂದು ಪರಿಚಯಿಸಿದರು. ಅವರ ಮುಂದೆ ನನ್ನ ರೆಸ್ಯೂಮ್. ಅದರ ಮೇಲೆ ಕೆಂಪು ಶಾಯಿಯ ಸುತ್ತುಗಳು.

“ಒಂದೂವರೆ ಪುಟದಲ್ಲಿ ಏಳು ತಪ್ಪು,” ಎಂದರು ಮೇಡಂ. “ಕೇಳ್ತಿರೋದು ಸಂವಹನದ ಕೆಲಸ.”

ಬಲಗಡೆ ಕೂತಿದ್ದವರು ಹಾಳೆಯನ್ನು ತಮ್ಮತ್ತ ಎಳೆದುಕೊಂಡು ತಲೆಬರಹವನ್ನು ಗಟ್ಟಿಯಾಗಿ ಓದಿದರು. “ಹನುಭವ! ಏನಮ್ಮಾ ಇದು, ಹನುಮಂತರಾಯನ ಅನುಭವವಾ?”

ಎಡಗಡೆಯವರು ನಕ್ಕರು. ಮೇಡಂ ನಗಲಿಲ್ಲ. ನಾನು ಹಾಳೆಯನ್ನು ನೋಡಿದೆ. ದಪ್ಪ ಅಕ್ಷರದಲ್ಲಿ, ಗೆರೆ ಎಳೆದು, ‘ಹನುಭವ’. ಅಕ್ಕ ‘ಹ’ ನೋಡಿಕೊಂಡಿದ್ದರು. ನಾನು ಅವಮಾನ ಮಾಡಿ ಹೋದ ಮೇಲೆ ಎಲ್ಲೆಲ್ಲಿ ಬಿಟ್ಟುಹೋಗಿದೆಯೋ ಎಂದು ಹೆದರಿ ಹುಡುಕಿ ಹುಡುಕಿ ಹಾಕಿದ್ದರು. ಕೆ.ಆರ್. ನಗರದ ವೇದಿಕೆಯ ಮೇಲೆ ನಾನು ಮಾಡಿದ್ದೂ ಅದನ್ನೇ. ಕಿವಿಯಲ್ಲಿ ಆ ಹಳೆಯ ನಗು ಎದ್ದಿತು. ಆದರೆ ಈ ಸಲ ಅದರ ಕೆಳಗೆ ಇನ್ನೊಂದೂ ಕೇಳಿಸಿತು: ಅಂಗಡಿಯಲ್ಲಿ ಆ ಇಬ್ಬರು ಕಿಸಕ್ಕೆಂದದ್ದು. ಅವರನ್ನು ನಗಿಸಿದವಳು ನಾನು.

ಟೈಪ್ ಮಾಡಿದವರ ತಪ್ಪು ಎನ್ನಬಹುದಿತ್ತು. ಮಾತು ನಾಲಗೆಯ ತುದಿಗೆ ಬಂದೂ ಇತ್ತು. ಅದನ್ನು ನುಂಗಿ, “ಅದು ತಪ್ಪು ಸರ್, ನನ್ನದೇ. ನೋಡದೆ ಕಳಿಸಿದೆ,” ಎಂದೆ. “ಉಳಿದ ಆರು ತಪ್ಪಲ್ಲ.”

ಆರೂ ಒಂದೇ ಕಡೆ ಇದ್ದವು: ನಾಳಿಕೆ, ಒತ್ತಾರೆ, ಬುಡಬ್ಯಾಡಿ, ಆಕಕ್ಕೆ, ತಾವ್ಕೇ, ಬತ್ತಾರೆ. ಆ ಸಾಲುಗಳಲ್ಲೇ ಇದ್ದ ‘ಡಾಕ್ಟ್ರು’ ಮಾತ್ರ ಕೆಂಪು ಶಾಯಿಯಿಂದ ಪಾರಾಗಿತ್ತು. ಇಂಗ್ಲಿಷಿನ ಪದ ಹೇಗೆ ಮುರಿದರೂ ನಮ್ಮವರಿಗೆ ನೋವಾಗುವುದಿಲ್ಲ.

“ತಪ್ಪಲ್ಲ ಅಂದ್ರೆ?” ಎಂದರು ಮೇಡಂ. “ಯಾವ ನಿಘಂಟಿನಲ್ಲಿದೆ ‘ಬುಡಬ್ಯಾಡಿ’?”

“ನಾನು ಬಂದ ಬಸ್ಸಿನ ಕಂಡಕ್ಟರು ‘ಉಣ್ಸೂರ್, ಉಣ್ಸೂರ್’ ಅಂತಲೇ ಕೂಗಿದ್ದು ಮೇಡಂ. ಬಸ್ಸು ಹುಣಸೂರಿಗೇ ಬಂತು.”

ಎಡಗಡೆಯವರು ಕೆಮ್ಮಿದರು. ಮೇಡಂ ಪೆನ್ನನ್ನು ಕೆಳಗಿಟ್ಟರು. “ಬಸ್ಸಿಗೆ ಸರಿ. ನಾಳೆ ಸರ್ಕಾರಕ್ಕೆ ವರದಿ ಕಳಿಸಬೇಕು. ಅದನ್ನೂ ಹೀಗೇ ಬರೀತೀರಾ?”

“ಇಲ್ಲ. ವರದಿ ಓದುವವರು ದನ ಕಟ್ಟಬೇಕಾಗಿಲ್ಲ.”

“ಮಾತು ಚೆನ್ನಾಗಿದೆ,” ಎಂದರು. ಹೊಗಳಿಕೆಯಂತೆ ಕೇಳಿಸಲಿಲ್ಲ. “ಒಂದು ಕೇಳ್ತೀನಿ. ಇದು ನಿಮ್ಮ ಕಂಪಲಾಪುರದ ಕಡೆ ಮಾತು. ನಮ್ಮ ಕೆಲಸ ಇರೋದು ಅಂತರಸಂತೆ, ಅದರಾಚೆ ಎನ್. ಬೇಗೂರಿನ ಕಡೆ. ಅಲ್ಲಿ ಕೇರಳದ ಮಾತಿನ ವಾಸನೆ ಇದೆ, ಕಾಡಿನವರ ಮಾತು ಬೇರೆ ಇದೆ. ನಿಮ್ಮ ‘ಒತ್ತಾರೆ’, ‘ತಾವ್ಕೆ’ ಅಲ್ಲಿಯವರಿಗೆ ಅವರ ಮಾತು ಅನ್ನಿಸುತ್ತಾ? ಆಧಾರ ಏನು?”

ಆಧಾರ! ನನ್ನ ಕತ್ತಿಯಿಂದಲೇ ನನ್ನನ್ನು ಹೊಡೆದಿದ್ದರು. ವೇದಿಕೆಯ ಮೇಲಾಗಿದ್ದರೆ ಏನಾದರೂ ಕಟ್ಟಿ ಹೇಳುತ್ತಿದ್ದೆ. ಗಂಟೆ ಹೊಡೆಯುವವರೆಗೆ ಮಾತು ನಿಲ್ಲಿಸದಿರುವುದು ಅಲ್ಲಿನ ಮೊದಲ ಪಾಠ. ಇಲ್ಲಿ ಆ ಅಜ್ಜಿ ನೆನಪಾದರು.

“ಗೊತ್ತಿಲ್ಲ ಮೇಡಂ,” ಎಂದೆ. “ಹೋಗಿ ಅವರನ್ನೇ ಕೇಳಿ ಬರೆಯಬೇಕು. ಆದರೆ ‘ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ’ ಅನ್ನೋದು ಅವರ ಮಾತೂ ಅಲ್ಲ, ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಮನೆಯಲ್ಲಿ ಊಟಕ್ಕೆ ಕರೆಯುವಾಗ ನೀವು ಹಾಗೆ ಕೋರೋದಿಲ್ಲ.”

ಮೇಡಂ ಹಾಳೆಯನ್ನು ನನ್ನ ಕಡೆ ತಳ್ಳಿದರು. “ತಿದ್ದಿ, ನಾಳೆ ಸಂಜೆಯೊಳಗೆ ಕಳಿಸಿ. ಏಳೂ. ಆಮೇಲೆ ನೋಡೋಣ.”

ಬಿ.ಎಡ್ ಸೀಟು ಒಪ್ಪಿಕೊಳ್ಳುವ ಕೊನೆಯ ದಿನವೂ ಮಾರನೆಯ ದಿನವೇ.

ಬೆಳಿಗ್ಗೆ ಮನೆಯಿಂದ ಹೊರಟಾಗ ಅಪ್ಪ ಬಿ.ಎಡ್‌ನ ಕಾಗದಗಳನ್ನು ನನ್ನ ಚೀಲದಲ್ಲಿ ತಾನೇ ಇಟ್ಟ. ಅವು ಚೀಲದಲ್ಲೇ ಇದ್ದವು, ನಾನು ಟೈಪಿಂಗ್ ಅಂಗಡಿಯಲ್ಲಿ ಕೂತಾಗ. ಅಕ್ಕನಿಗೆ ಕೆಂಪು ಸುತ್ತಿನ ಹಾಳೆ ತೋರಿಸಿದೆ. ಅವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು.

“ಅಯ್ಯೋ ನಮ್ಮಪ್ಪನೆ! ನನ್ನಿಂದ ನಿನ್ ಕೆಲ್ಸ ಓಯ್ತಾ ಮಗ?”

“ನಿಮ್ಮಿಂದಲ್ಲ ಅಕ್ಕ. ಅವತ್ತು ನಾನು ನಾಕು ಜನರ ಮುಂದೆ ಹಾಗೆ ಅನ್ನಬಾರದಿತ್ತು. ನಗ್ತಾರೆ ಅಂತ ಹೆದರಿ ಒಂದ್ಸಲ ನಾನೂ ಹೀಗೇ ಮಾಡಿದ್ದೆ.” ಹಾದರಣೀಯದ ಕತೆ ಹೇಳಿದೆ. ಅಕ್ಕ ಕುರ್ಚಿಯಿಂದ ಬೀಳುವಂತೆ ನಕ್ಕರು. ನಾನೂ ನಕ್ಕೆ, ಆ ಕತೆಗೆ ನಾನು ನಕ್ಕದ್ದು ಅದೇ ಮೊದಲು.

ಕಣ್ಣೊರೆಸಿಕೊಂಡು ಅಕ್ಕ ಫೈಲು ತೆರೆದರು. ‘ಹ’ ಅಳಿಸಿ ‘ಅ’ ಹಾಕಿದರು. “ಮುಂದುಕ್ಕೆ? ಇನ್ನಾರ್ ಸುತ್ತವಲ್ಲ.”

“ಅವು ಹಾಗೇ ಇರಲಿ.”

“ತಿದ್ದು ಅಂದವ್ರೆ ಕಣಮ್ಮಿ! ಕೆಲ್ಸ ಬ್ಯಾಡ್ವಾ ನಿಂಗೆ?”

ಬೇಕಿತ್ತು. ಆರು ಪದ ತಿದ್ದುವುದು ಎರಡು ನಿಮಿಷದ ಕೆಲಸ. ಆದರೆ ತಿದ್ದಿದರೆ ಆ ಸಾಲಿನಲ್ಲಿ ಏನು ಉಳಿಯುತ್ತದೆ? ‘ನಾಳೆ ಬೆಳಿಗ್ಗೆ ದನಗಳನ್ನು ಬಿಡಬೇಡಿ’ ಎಂದು ನಾನು ಯಾವ ಊರಿಗೂ ಹೇಳಿಲ್ಲ. ಹೇಳದ್ದನ್ನು ಹೇಳಿದೆನೆಂದು ಬರೆದರೆ, ಅದು ಆ ಲಾರಿ ಡ್ರೈವರನ ಲೈಸೆನ್ಸಿನಷ್ಟೇ ಸುಳ್ಳು. ರೆಸ್ಯೂಮ್ ಕಳಿಸಿದೆ. ಮೇಲಿನ ಒಕ್ಕಣೆ ಒಂದೇ ಸಾಲು: ‘ತಪ್ಪು ಒಂದಿತ್ತು, ತಿದ್ದಿದ್ದೇನೆ.’ ಬಿ.ಎಡ್ ಕಾಲೇಜಿಗೆ ಹೋಗಲಿಲ್ಲ. ಸಂಜೆ ಮನೆಗೆ ಬಂದು ಬಿ.ಎಡ್ ಕಾಗದಗಳನ್ನು ಅಪ್ಪನ ಮುಂದೆ ಇಟ್ಟೆ. ಅವನು ಬೈದಿದ್ದರೆ ಉತ್ತರ ಕೊಡಬಹುದಿತ್ತು. ಅವನು ಎದ್ದು ದನಕ್ಕೆ ಹುಲ್ಲು ಹಾಕಲು ಹೋದ. ಒಂಬತ್ತು ದಿನ ನನ್ನೊಡನೆ ಮಾತಾಡಲಿಲ್ಲ.

ಹತ್ತನೆಯ ದಿನ ಫೋನು ಬಂತು. ಮೇಡಂ ಅವರೇ. “ಆರು ತಪ್ಪು ಹಾಗೇ ಇವೆ,” ಎಂದರು. “ಸೋಮವಾರ ಬನ್ನಿ. ಮೊದಲು ಅಂತರಸಂತೆಗೆ ಹೋಗಬೇಕು. ಕೇಳಿ ಬರೆಯಬೇಕು ಅಂದಿದ್ರಲ್ಲ.”

ಅವರು ಸೋತರೆಂದು ಯಾರೂ ತಿಳಿಯಬಾರದು. ಇವತ್ತಿಗೂ ಅವರ ಕೆಂಪು ಪೆನ್ನು ಒಣಗಿಲ್ಲ, ನನ್ನ ಬಾಯಿಯೂ ಮುಚ್ಚಿಲ್ಲ. ಅಂತರಸಂತೆಯ ಸಂತೆಯಲ್ಲಿ ನನ್ನ ಮೊದಲ ಒಕ್ಕಣೆ ಕೇಳಿ ತರಕಾರಿ ಮಾರುವ ಹೆಂಗಸೊಬ್ಬಳು “ನೀವು ಪಟ್ಣದ ಕಡೆಯೋರಾ?” ಎಂದು ಕೇಳಿದಳು. ಪಿರಿಯಾಪಟ್ಟಣವೋ ಮೈಸೂರುಪಟ್ಟಣವೋ ಎಂದು ವಾದಿಸಲು ಹೋಗಲಿಲ್ಲ. ಅವಳ ಪಕ್ಕ ಕೂತು ತಿದ್ದಿಸಿಕೊಂಡೆ.

ಮೊನ್ನೆ ರಜೆಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಅಪ್ಪನ ಜೊತೆ ಹಾಲು ಹಾಕಲು ಡೈರಿಗೆ ಹೋದೆ. ಸಾಲಿನಲ್ಲಿ ನಿಂತಿದ್ದ ನಮ್ಮ ಬೀದಿಯ ದೊಡ್ಡಪ್ಪ ಕೇಳಿದರು: “ಮಗಳ್ಗೆ ಕೆಲ್ಸ ಆಯ್ತಂತಲ್ಲಪ್ಪ. ಏನ್ ಕೆಲ್ಸ?”

“ಅದೇ, ಕಮ್ಯುನಿಕೇಸನ್ನು,” ಎಂದ ಅಪ್ಪ.

“ಅಂಗಂದ್ರೆ?”

ಅಪ್ಪ ಹಾಲಿನ ಕ್ಯಾನಿನ ಮುಚ್ಚಳ ಬಿಗಿ ಮಾಡತೊಡಗಿದ. ಅದು ಬಿಗಿಯಾಗಿಯೇ ಇತ್ತು.

“ಸಾರೋದು ಕಣ್ ದೊಡ್ಡಪ್ಪ!” ಎಂದೆ, ಡೈರಿಯ ಸಾಲಿಗೆಲ್ಲ ಕೇಳುವಂತೆ. “ಊರೂರ್ ಮ್ಯಾಲೆ ಓಗಿ ಸಾರ್ಕಂಡ್ ಬರೋದು.”

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಅಪ್ಪ ನನ್ನ ಮೊಣಕೈ ಎಳೆದು, ಹಲ್ಲು ಕಚ್ಚಿ, “ವಸಿ ಮೆತ್ಗಾದ್ರೂ ಯೋಳವ್ವ,” ಎಂದ.

“ಮೆತ್ಗೆ ಸಾರಕ್ಕಾಯ್ತದೇನಪ್ಪ?” ಎಂದೆ.